ಕೈ ಹಚ್ಚಿ ಮನಸ್ಸು ಹಗುರ ಮಾಡಿಕೊಳ್ಳುವುದು ಹೇಗೆ: ಮೂರನೇ ವಾರಕ್ಕೆ ಕೈಬಿಟ್ಟವರಿಗೆ ಒಂದು ಮಾರ್ಗದರ್ಶಿ

"ನೀವು ಹೇಳಿದಂಗೇ ಮಾಡಿದೆನ್ರಿ ಅಕ್ಕಾ, ಆದರ ಮನಸ್ಸು ಮತ್ತ ಭಾರ ಆಗ್ಯಾದ." ಈ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಹೇಳಿದವರಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳಿದ್ದಾರೆ, ನಿವೃತ್ತರಾದ ಮಾಸ್ತರರಿದ್ದಾರೆ, ನೌಕರಿ ಪರೀಕ್ಷೆಗೆ ಓದುತ್ತ ಬಾಡಿಗೆ ಕೋಣೆಯಲ್ಲಿ ಒಂಟಿಯಾದ ಹುಡುಗರಿದ್ದಾರೆ. ನಾಲ್ಕು ಮಂದಿಗೆ ನೆರವಾದರೆ ಬ್ಯಾಸರ ಕಳೆಯುತ್ತದೆ ಎಂದು ಹೊರಟವರು ಇವರು. ಹೆಚ್ಚಿನವರು ಮೂರನೇ ವಾರಕ್ಕೆ ಸುಸ್ತಾಗಿ ಬಿಟ್ಟುಬಿಟ್ಟರು.

ಎಲ್ಲರೂ ಎಡವಿದ್ದು ಒಂದೇ ಕಡೆ, ಕ್ರಮದಲ್ಲಿ. ದೊಡ್ಡದನ್ನು ಮೊದಲು ಹಿಡಿದರು, ಕೇಳದೆ ಕೈ ಹಾಕಿದರು, ಕೆಲಸ ಮುಗಿಯಿತೋ ಇಲ್ಲವೋ ನೋಡದೆ ಮನೆಗೆ ಬಂದರು. ತಾಯಿ ತೀರಿಕೊಂಡ ವರ್ಷ ನಾನೂ ಹೀಗೇ ಎಡವಿದ್ದೆ. ಆಮೇಲೆ ಕಲಬುರಗಿಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ತಾಸು ಚೀಟಿ ಬರೆದುಕೊಡುವ ಕೆಲಸಕ್ಕೆ ನಿಂತೆ. ಆರು ವರ್ಷಗಳಿಂದ ಅದು ತಪ್ಪಿಲ್ಲ. ಇಲ್ಲಿರುವುದು ಆ ಆರು ವರ್ಷಗಳಲ್ಲಿ ತಿಳಿದುಕೊಂಡ ಕ್ರಮ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

ಹಂತ 1: ಮೊದಲು ನಿಮ್ಮನ್ನು ನೀವು ನೋಡಿಕೊಳ್ಳಿ

ಬ್ಯಾಸರ ಬೇರೆ, ಕಾಯಿಲೆ ಬೇರೆ. ಎರಡು ವಾರ ಮೀರಿ ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿದ್ದರೆ, ಊಟ ಸೇರದಿದ್ದರೆ, ನಿದ್ದೆ ಕೆಟ್ಟಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಈಗ ಬೇಡವೆನಿಸಿದರೆ, ಬದುಕೇ ಸಾಕು ಎನ್ನುವ ಯೋಚನೆ ಒಮ್ಮೆಯಾದರೂ ಬಂದಿದ್ದರೆ, ಈ ಬರಹವನ್ನು ಇಲ್ಲಿಗೆ ನಿಲ್ಲಿಸಿ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು.

ಮಾತ್ರೆ ತೆಗೆದುಕೊಳ್ಳುತ್ತಿರುವವರು ಅದನ್ನು ಬಿಟ್ಟು ಇದಕ್ಕೆ ಬರಬಾರದು. ಚಿಕಿತ್ಸೆಯ ಜೊತೆಗೆ ಮಾಡಬಹುದಾದ ಕೆಲಸ ಇದು, ಚಿಕಿತ್ಸೆಯ ಬದಲಿಗೆ ಮಾಡುವುದಲ್ಲ.

ಹಂತ 2: ಒಂದೇ ಕೆಲಸ ಆರಿಸಿ

ಇಲ್ಲಿ ಅವಸರ ಬೇಡ. ಮೂರು ದಿನ ಹಿಡಿದರೂ ಹಿಡಿಯಲಿ. ಆರಿಸುವ ಕೆಲಸ ಮೂರು ಪರೀಕ್ಷೆಗಳಲ್ಲಿ ಪಾಸಾಗಬೇಕು.

ಮೊದಲನೆಯದು, ಅದು ನಿಮ್ಮ ಆಯ್ಕೆಯಾಗಿರಬೇಕು. ಸೊಸೆ ಹೇಳಿದಳು, ಗೆಳೆಯ ಎಳೆದುಕೊಂಡು ಹೋದ, ಓಣಿಯವರು ಏನೆಂದಾರು ಎಂದು ಮಾಡಿದ ಕೆಲಸ ಮೈ ದಣಿಸುತ್ತದೆ, ಮನಸ್ಸನ್ನು ಮುಟ್ಟುವುದಿಲ್ಲ.

ಎರಡನೆಯದು, ನೆರವು ಪಡೆಯುವವರ ಮುಖ ನಿಮಗೆ ಕಾಣಬೇಕು. ಮೂರನೆಯದು, ಕೆಲಸ ಅದೇ ದಿನ ಮುಗಿಯಬೇಕು. ಈ ಮೂರನೆಯದನ್ನು ಜನ ಮರೆಯುವುದೇ ಹೆಚ್ಚು. ಕುಗ್ಗಿದ ಮನಸ್ಸು ಗಾಣದ ಎತ್ತಿನಂತೆ ತನ್ನ ಸುತ್ತಲೇ ತಿರುಗುತ್ತಿರುತ್ತದೆ. ಮೊದಲು ಮತ್ತು ಕೊನೆ ಎರಡೂ ಇರುವ ಒಂದು ಕೆಲಸ ಸಿಕ್ಕರೆ ಅದು ಎರಡು ತಾಸಾದರೂ ಆ ಸುತ್ತಿನಿಂದ ಹೊರಗೆ ಬರುತ್ತದೆ, 'ನನ್ನಿಂದ ಒಂದು ಕೆಲಸ ಆಯಿತು' ಎಂಬ ನೆಲೆಯೂ ಸಿಗುತ್ತದೆ. ಎಲಿಜಬೆತ್ ಡನ್, ಲಾರಾ ಆಕ್ನಿನ್ ಮತ್ತು ಮೈಕಲ್ ನಾರ್ಟನ್ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆನಡಾದ 46 ಜನರಿಗೆ ಬೆಳಿಗ್ಗೆ 5 ಇಲ್ಲವೇ 20 ಡಾಲರ್ ಕೊಟ್ಟು ಸಂಜೆಯೊಳಗೆ ಖರ್ಚು ಮಾಡಲು ಹೇಳಿದರು. ಕೆಲವರು ತಮಗಾಗಿ, ಕೆಲವರು ಬೇರೆಯವರಿಗಾಗಿ ಖರ್ಚು ಮಾಡಬೇಕಿತ್ತು. ಬೇರೆಯವರಿಗಾಗಿ ಖರ್ಚು ಮಾಡಿದವರೇ ಸಂಜೆ ಹೆಚ್ಚು ಸಂತೋಷದಲ್ಲಿದ್ದರು. ಮೊತ್ತ 5 ಇದ್ದರೂ ಅಷ್ಟೇ, 20 ಇದ್ದರೂ ಅಷ್ಟೇ. ಆಕ್ನಿನ್ ಮತ್ತು ಜೊತೆಗಾರರ ಮುಂದಿನ ಅಧ್ಯಯನಗಳಲ್ಲಿ ಇನ್ನೊಂದು ವಿಷಯ ಕಂಡುಬಂತು: ಕೊಟ್ಟದ್ದು ಎಲ್ಲಿಗೆ ಹೋಗಿ ಏನಾಯಿತೆಂದು ಸ್ಪಷ್ಟವಾಗಿ ಗೊತ್ತಾದಾಗ ಕೊಟ್ಟವರ ಸಂತೋಷ ಹೆಚ್ಚು. ಹಾಗಾಗಿ ದೊಡ್ಡ ಮೊತ್ತ, ದೊಡ್ಡ ಕಾರ್ಯಕ್ರಮದ ಗೊಡವೆ ಬೇಡ. ಚಿಕ್ಕದು, ಕಣ್ಣೆದುರಿನದು ಸಾಕು.

ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಈ ಪರೀಕ್ಷೆಗಳಲ್ಲಿ ಪಾಸಾಗುವ ಕೆಲಸಗಳು ಬೇಕಾದಷ್ಟಿವೆ.

ಮಾತಾಡಲೂ ಶಕ್ತಿ ಇಲ್ಲದಷ್ಟು ಬ್ಯಾಸರವಾಗಿದ್ದರೆ ಅಡುಗೆಮನೆಗೆ ಹೋಗಿ. ಬೀದರಿನ ಗುರುನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ, ಅಂದರೆ ಬಂದವರಿಗೆಲ್ಲ ಊಟ ಹಾಕುವ ಅಡುಗೆಮನೆಯಲ್ಲಿ, ಯಾವ ಜಾತಿ ಧರ್ಮದವರೂ ಸೇವೆಗೆ ಕೂಡಬಹುದು. ತಲೆಗೆ ವಸ್ತ್ರ ಕಟ್ಟಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ರೊಟ್ಟಿ ಲಟ್ಟಿಸುವುದೋ ತಾಟು ತೊಳೆಯುವುದೋ ಮಾಡಿದರೆ ಆಯಿತು. ನಿಮ್ಮ ಊರಿನ ಮಠದಲ್ಲಿ ದಾಸೋಹ ನಡೆಯುತ್ತಿದ್ದರೆ ಅಲ್ಲಿ ಪಲ್ಯದ ಕಾಯಿ ಹೆಚ್ಚುವ ಕೆಲಸ ಕೇಳಿ. ಮಾತು ಬೇಕಾಗಿಲ್ಲ, ಅಕ್ಕಪಕ್ಕ ಜನ ಇರುತ್ತಾರೆ, ತೊಳೆದ ತಾಟಿನ ರಾಶಿ ಕಣ್ಣೆದುರೇ ಬೆಳೆಯುತ್ತದೆ. ಬಹಳ ಕುಗ್ಗಿದವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಓದು ಬರಹ ಬಲ್ಲವರಿಗೆ ಆಸ್ಪತ್ರೆ. ಜೇವರ್ಗಿ, ಚಿಂಚೋಳಿ, ಆಳಂದ, ಶಹಾಪುರದ ಹಳ್ಳಿಗಳಿಂದ ಬಂದವರು ಕಲಬುರಗಿಯ ಹೊರರೋಗಿ ವಿಭಾಗದ ಮುಂದೆ ಯಾವ ಸಾಲಿನಲ್ಲಿ ನಿಲ್ಲಬೇಕೆಂದು ತಿಳಿಯದೆ ಅರ್ಧ ದಿನ ಕಳೆಯುತ್ತಾರೆ. ಚೀಟಿ ಬರೆಯುವುದು, ಕೋಣೆ ತೋರಿಸುವುದು, ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಗೆ ರೇಷನ್ ಕಾರ್ಡು, ಆಧಾರ್ ಎರಡೂ ಬೇಕೆಂದು ಮೊದಲೇ ಹೇಳುವುದು, ಇಷ್ಟು ಸಾಕು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಅದರಲ್ಲಿದೆ. ಜೆರಾಕ್ಸ್ ಇಲ್ಲವೆಂದು ತಿರುಗಿ ಊರಿಗೆ ಹೋದವರನ್ನು ನಾನು ಕಂಡಿದ್ದೇನೆ.

ಮಕ್ಕಳ ಜೊತೆ ಸಲೀಸಾಗಿ ಬೆರೆಯುವವರಿಗೆ ಓದಿಸುವ ಕೆಲಸ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯದ ಕೊನೆಯ ಸ್ಥಾನದಲ್ಲಿದ್ದವು. ಹತ್ತನೇ ತರಗತಿಗೆ ಬಂದ ಮೇಲೆ ಓಡಾಡಿ ಪ್ರಯೋಜನ ಕಡಿಮೆ. ಓಣಿಯಲ್ಲಿ ಐದನೇ ಇಯತ್ತೆಯ ಒಂದು ಮಗು ಸಿಕ್ಕರೆ, ತಂದೆತಾಯಿ ಒಪ್ಪಿದರೆ, ಮನೆಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಕುಳಿತು ಕನ್ನಡ ಪಾಠ ಗಟ್ಟಿಯಾಗಿ ಓದಿಸಿ. ಪ್ರತಿ ತಪ್ಪಿಗೂ ತಡೆಯಬೇಡಿ. ಒಂದು ಪುಟ ಮುಗಿದರೆ ಆ ದಿನದ ಕೆಲಸ ಮುಗಿಯಿತು.

ಮಕ್ಕಳು ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋದ ಮನೆಗಳಲ್ಲಿ ಮುದುಕರಷ್ಟೇ ಉಳಿದಿರುತ್ತಾರೆ. ಮಗನಿಗೆ ವಿಡಿಯೊ ಕಾಲ್ ಹಚ್ಚಿಕೊಡುವುದು, ಪಿಂಚಣಿ ಜಮಾ ಆಗಿದೆಯೇ ಎಂದು ಪಾಸ್‌ಬುಕ್ ಎಂಟ್ರಿ ಮಾಡಿಸಿ ಓದಿ ಹೇಳುವುದು ಅವರಿಗೆ ದೊಡ್ಡ ನೆರವು. ಕೂಲಿ ಮಾಡಿ ಸವೆದ ಬೆರಳಿನ ಗುರುತು ರೇಷನ್ ಅಂಗಡಿಯ ಯಂತ್ರದಲ್ಲಿ ಹತ್ತದೆ ಬರಿಗೈಯಲ್ಲಿ ಬರುವ ಮುತ್ಯಾನ ಜೊತೆ ಒಮ್ಮೆ ಹೋಗಿ ನಿಂತರೂ ಆದೀತು.

ಇವುಗಳಲ್ಲಿ ಒಂದನ್ನು ಆರಿಸಿ. ಎರಡನ್ನು ಬೇಡ.

ಹಂತ 3: ದಿನ ಗೊತ್ತು ಮಾಡಿ, ಹೊತ್ತಿಗೆ ಬೇಲಿ ಹಾಕಿ

'ಟೈಮ್ ಸಿಕ್ಕಾಗ ಮಾಡ್ತೀನಿ' ಎಂದವರು ಎರಡನೇ ವಾರ ಬರುವುದಿಲ್ಲ. ಕುಗ್ಗಿದ ಮನಸ್ಸಿಗೆ ಹೊತ್ತು ಎಂದೂ ಸಿಗುವುದಿಲ್ಲ. ಅದಕ್ಕಾಗಿ ವಾರದಲ್ಲಿ ಒಂದು ದಿನ, ಒಂದು ಹೊತ್ತು ನಿಗದಿಯಾಗಲಿ.

ದಿನಕ್ಕೊಂದು ಚಿಕ್ಕ ನೆರವಿಗಿಂತ ಒಂದೇ ದಿನ ಒಟ್ಟಿಗೆ ಮಾಡಿದ್ದು ಹೆಚ್ಚು ತಟ್ಟುತ್ತದೆ ಎಂಬುದು ನನ್ನ ಅನುಭವ. ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯೂಬೊಮಿರ್ಸ್ಕಿ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಆರು ವಾರಗಳ ಪ್ರಯೋಗದಲ್ಲೂ ಹೀಗೇ ಆಗಿತ್ತು. ವಾರಕ್ಕೆ ಐದು ನೆರವಿನ ಕೆಲಸಗಳನ್ನು ಒಂದೇ ದಿನ ಮಾಡಿದವರ ಸಂತೋಷ ಏರಿತು. ಅದೇ ಐದನ್ನು ವಾರವಿಡೀ ಹಂಚಿಕೊಂಡವರಲ್ಲಿ ಅಷ್ಟು ಏರಿಕೆ ಕಾಣಲಿಲ್ಲ. ಹಂಚಿದಾಗ ಅದು ದಿನದ ಉಳಿದ ಕೆಲಸಗಳಲ್ಲಿ ಕರಗಿಹೋಗುತ್ತದೆ.

ಮೊದಲ ತಿಂಗಳು ಎರಡು ತಾಸು ಮೀರಬೇಡಿ. ಮನಸ್ಸು 'ಇನ್ನೊಂದು ತಾಸು' ಎಂದರೂ ಎದ್ದು ಬನ್ನಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟುತ್ತದೆ. ಹೊರಗಿನ ಕೆಲಸವಾದರೆ ಬೆಳಿಗ್ಗೆ ಹತ್ತರೊಳಗೆ ಮುಗಿಯಬೇಕು. ಬಿಸಿಲು ಬಡಿದು ಮಲಗಿದರೆ ಕೆಲಸವೂ ಹೋಯಿತು, ಹುರುಪೂ ಹೋಯಿತು.

ಹಂತ 4: ಚೀಲ ಸಿದ್ಧ ಮಾಡಿ

ಹಿಂದಿನ ರಾತ್ರಿಯೇ ಚೀಲ ಬಾಗಿಲ ಹತ್ತಿರ ಇರಲಿ. ಬೆಳಿಗ್ಗೆ ಹುಡುಕಾಟ ಶುರುವಾದರೆ ಮನಸ್ಸಿಗೆ ಹೋಗದಿರಲು ನೆವ ಸಿಗುತ್ತದೆ. ಬರೆಯುವ ಕೆಲಸಕ್ಕೆ ಹೋಗುವವರ ಚೀಲದಲ್ಲಿ ಎರಡು ಬಾಲ್‌ಪೆನ್ನು, ಹೆಬ್ಬೆಟ್ಟು ಒತ್ತಲು ಸ್ಟಾಂಪ್ ಪ್ಯಾಡು, ಒರೆಸಿಕೊಳ್ಳಲು ಹಳೆಯ ಬಟ್ಟೆ, ಕಾಗದ ಇಟ್ಟು ಬರೆಯಲು ರಟ್ಟು, ನಿಮ್ಮ ಚಸ್ಮಾ, ನೀರಿನ ಬಾಟಲಿ, ಜೆರಾಕ್ಸ್‌ಗೆ ಹತ್ತು ರೂಪಾಯಿಯ ನಾಲ್ಕೈದು ನೋಟು ಇರಲಿ. ಐನೂರರ ನೋಟು ಮನೆಯಲ್ಲೇ ಇರಲಿ, ಕಾರಣ ಮುಂದೆ ಹೇಳುತ್ತೇನೆ. ಜೊತೆಗೆ ಅಂಗೈಯಷ್ಟು ದೊಡ್ಡ ಒಂದು ನೋಟ್‌ಬುಕ್. ಅದು ನಿಮಗಾಗಿ.

ಹಂತ 5: ಮೊದಲು ಕೇಳಿ, ಆಮೇಲೆ ಕೈ ಹಚ್ಚಿ

ಆಸ್ಪತ್ರೆ, ಶಾಲೆ, ಮಠ, ಗುರುದ್ವಾರ ಎಲ್ಲಿಗೆ ಹೋದರೂ ಮೊದಲು ಅಲ್ಲಿನ ಜವಾಬ್ದಾರರ ಒಪ್ಪಿಗೆ ಪಡೆಯಿರಿ. ಆಸ್ಪತ್ರೆಯಲ್ಲಿ ವೈದ್ಯಕೀಯ ಅಧೀಕ್ಷಕರ ಕಚೇರಿಗೆ ಒಂದು ಅರ್ಜಿ ಕೊಟ್ಟು, 'ಮಂಗಳವಾರ ಒಂಬತ್ತರಿಂದ ಹನ್ನೊಂದರವರೆಗೆ ಚೀಟಿ ಬರೆಯಲು ನಿಲ್ಲುತ್ತೇನೆ' ಎಂದು ಸ್ಪಷ್ಟವಾಗಿ ಬರೆಯಿರಿ. ಒಪ್ಪಿಗೆ ಇಲ್ಲದೆ ನಿಂತರೆ ನಿಮ್ಮನ್ನು ದಲ್ಲಾಳಿ ಎಂದು ತಿಳಿಯುತ್ತಾರೆ, ಹಾಗೆ ತಿಳಿಯುವುದರಲ್ಲಿ ಅವರ ತಪ್ಪೂ ಇಲ್ಲ.

ಇನ್ನು ಎದುರಿಗೆ ನಿಂತವರನ್ನು ಕೇಳುವುದು. ನನ್ನ ಮೊದಲ ಸೋಲು ಇಲ್ಲೇ ಆದದ್ದು. ಬಗಲಲ್ಲಿ ಗಂಟು, ಕೈಯಲ್ಲಿ ಮುದುಡಿದ ಕಾಗದ ಹಿಡಿದು ನಿಂತಿದ್ದ ಒಬ್ಬ ಮುದುಕಿಯ ಕೈಯಿಂದ ಕಾಗದ ಎಳೆದುಕೊಂಡು 'ನಾ ಬರಿತೀನಿ ಕೊಡ್ರಿ' ಎಂದೆ. ಆಕೆ ಬೆದರಿ ಕಾಗದವನ್ನು ಎದೆಗೆ ಅವುಚಿಕೊಂಡಳು. ಅದು ಆಕೆಯ ಮಗನ ಸ್ಕ್ಯಾನ್ ರಿಪೋರ್ಟು. ನಾನು ಮನೆಗೆ ಬಂದು ಅತ್ತೆ. ಆಕೆಗೆ ನೆರವು ಬೇಕಿತ್ತು, ಅದು ನಿಜ. ಮೊದಲು ಒಂದು ಮಾತು ಕೇಳುವ ಮರ್ಯಾದೆಯೂ ಅಷ್ಟೇ ಬೇಕಿತ್ತು.

ಈಗ ನಾನು ಮಾಡುವುದು ಹೀಗೆ. ಎರಡು ಮಾರು ದೂರ ನಿಂತು ಕಣ್ಣಿಗೆ ಕಣ್ಣು ಸೇರುವವರೆಗೆ ಕಾಯುತ್ತೇನೆ. ಆಮೇಲೆ, "ಆಯಿ, ಎಲ್ಲಿಂದ ಬಂದೀರಿ?" ಎನ್ನುತ್ತೇನೆ. ಊರ ಹೆಸರು ಹೇಳಿದ ಮೇಲೆ ಜನ ಅರ್ಧ ಸಡಿಲವಾಗುತ್ತಾರೆ. ಆಮೇಲಷ್ಟೇ, "ಚೀಟಿ ಬರೀಲಾಕ ಕೈ ಹಚ್ಚಲೇನ್ರಿ?" 'ಬ್ಯಾಡ ತಂಗಿ' ಎಂದರೆ "ಆಗಲ್ರಿ" ಎಂದು ಹಿಂದೆ ಸರಿಯುತ್ತೇನೆ. ಎರಡನೇ ಸಲ ಕೇಳುವುದಿಲ್ಲ. ಬೇಕಾದರೆ ಅವರೇ ಕರೆಯುತ್ತಾರೆ.

ಕರೆಯುವ ಹೆಸರು ಬಹಳ ಕೆಲಸ ಮಾಡುತ್ತದೆ. ನಮ್ಮ ಕಡೆ ವಯಸ್ಸಾದ ಗಂಡಸರಿಗೆ ಮುತ್ಯಾ, ಕಾಕಾ. ಮುಸ್ಲಿಂ ಹಿರಿಯರಿಗೆ ಚಾಚಾ, ಖಾಲಾ. ತಾಂಡಾದಿಂದ ಬಂದ ಲಂಬಾಣಿ ತಾಯಿಗೆ ಯಾಡಿ. ಭಾಷೆ ಬರದಿದ್ದರೂ ಈ ಒಂದು ಶಬ್ದ ಬಂದರೆ ಬಾಗಿಲು ತೆರೆದಂತೆ. ಬೀದರಿನ ಗಡಿ ಊರುಗಳವರು ಮರಾಠಿ ಮಾತಾಡುತ್ತಾರೆ, ಸೇಡಂ ಗುರುಮಠಕಲ್ ಕಡೆಯವರು ತೆಲುಗು. ತಿಳಿಯದಿದ್ದರೆ ಊಹಿಸಿ ಬರೆಯಬೇಡಿ. ಸಾಲಿನಲ್ಲಿ ಬಲ್ಲವರನ್ನು ಕರೆಯಿರಿ. ಹಾಗೆ ಕರೆಸಿಕೊಂಡು ಬಂದವರ ಮುಖದಲ್ಲೂ ಆ ದಿನ ಒಂದು ಕಳೆ ಬರುತ್ತದೆ, ನೋಡಿ.

ನೆರವಿಗೆ ಗಡಿ ಇದೆ. ರಿಪೋರ್ಟು ಓದಿ ರೋಗ ಹೇಳಬೇಡಿ. ಮಾತ್ರೆ ಬದಲಿಸಲು ಹೇಳಬೇಡಿ. ಯಾರ ಒಟಿಪಿಯನ್ನೂ ಕೇಳಬೇಡಿ, ಆಧಾರ್ ಫೋಟೊ ನಿಮ್ಮ ಫೋನಿನಲ್ಲಿ ತೆಗೆಯಬೇಡಿ. ಸಾಲು ಮುರಿದು ಯಾರನ್ನೂ ಮುಂದೆ ಕಳಿಸಬೇಡಿ. ಒಬ್ಬರಿಗೆ ಮಾಡಿದ ಉಪಕಾರ ಹಿಂದೆ ನಿಂತ ಇಪ್ಪತ್ತು ಮಂದಿಗೆ ಅನ್ಯಾಯವಾಗುತ್ತದೆ.

ಹಂತ 6: ಕೊನೆ ನೋಡಿ ಎದ್ದೇಳಿ

ಚೀಟಿ ಬರೆದುಕೊಟ್ಟು ಮುಂದಿನವರ ಕಡೆ ತಿರುಗುವುದು ಸಾಮಾನ್ಯ ತಪ್ಪು. ಆ ಚೀಟಿ ಹಿಡಿದವರು ಸರಿಯಾದ ಕೋಣೆಯ ಮುಂದೆ ಕುಳಿತದ್ದನ್ನು ಕಣ್ಣಾರೆ ನೋಡಿ. ಮಗು ಪುಟದ ಕೊನೆಯ ಸಾಲು ಓದಿದ್ದನ್ನು ಕೇಳಿ. ಮುತ್ಯಾನ ಚೀಲಕ್ಕೆ ಅಕ್ಕಿ ಬಿದ್ದದ್ದನ್ನು ನೋಡಿ. ಮನಸ್ಸು ಹಗುರವಾಗುವುದು ಈ ಗಳಿಗೆಯಲ್ಲಿ. ಹತ್ತು ಮಂದಿಗೆ ಅರ್ಧರ್ಧ ಮಾಡಿದ್ದಕ್ಕಿಂತ ಮೂವರಿಗೆ ಪೂರ್ತಿ ಮಾಡಿದ್ದು ನಿಮಗೂ ಒಳ್ಳೆಯದು, ಅವರಿಗೂ ಒಳ್ಳೆಯದು.

ಮನೆಗೆ ಬಂದು ಕೈಕಾಲು ತೊಳೆದು ಊಟ ಮಾಡಿ. ಆಮೇಲೆ ನೋಟ್‌ಬುಕ್ಕಿನಲ್ಲಿ ಮೂರು ಸಾಲು: ಹೋಗುವ ಮುಂಚೆ ಮನಸ್ಸು ಹತ್ತಕ್ಕೆ ಎಷ್ಟು ಹಗುರವಿತ್ತು, ಬಂದ ಮೇಲೆ ಎಷ್ಟಿದೆ, ಇಂದು ಪೂರ್ತಿಯಾದ ಒಂದು ಕೆಲಸ ಯಾವುದು. ಯಾರ ಹೆಸರನ್ನೂ, ಯಾರ ಕಾಯಿಲೆಯನ್ನೂ ಬರೆಯಬೇಡಿ. ಮನೆಯವರ ಮುಂದೆಯೂ ಹೇಳಬೇಡಿ.

ಮೊದಲ ದಿನವೇ ಸಂಖ್ಯೆ ಏರದಿದ್ದರೆ ಗಾಬರಿ ಬೇಡ. ಹೊಸ ಜಾಗದ ಅಂಜಿಕೆಗೆ ಮೊದಲ ಎರಡು ವಾರ ಹೋಗುತ್ತವೆ. ನಾಲ್ಕು ವಾರ ಬರೆದ ಮೇಲೆ ಸಾಲುಗಳನ್ನು ಒಟ್ಟಿಗೆ ನೋಡಿ. ನಾಲ್ಕರಲ್ಲಿ ಎರಡು ಸಲವಾದರೂ ಬಂದ ಮೇಲಿನ ಸಂಖ್ಯೆ ಹೆಚ್ಚಿದ್ದರೆ ಕೆಲಸ ಹೊಂದಿದೆ. ನಾಲ್ಕೂ ಸಲ ಇಳಿದಿದ್ದರೆ ಎರಡನೇ ಹಂತಕ್ಕೆ ಮರಳಿ ಬೇರೆ ಕೆಲಸ ಆರಿಸಿ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆಸ್ಪತ್ರೆಯ ವಾಸನೆಗೇ ಕೆಲವರಿಗೆ ಹಳೆಯ ಸಾವು ನೆನಪಾಗುತ್ತದೆ. ಅಂಥವರಿಗೆ ರೊಟ್ಟಿ ಒಲೆಯ ಮುಂದಿನ ಜಾಗವೇ ಸರಿ.

ಜನ ಮತ್ತೆ ಮತ್ತೆ ಮಾಡುವ ತಪ್ಪುಗಳು

ದುಡ್ಡು ಕೊಡುವುದರಿಂದ ಶುರು ಮಾಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಐನೂರರ ನೋಟು ಮನೆಯಲ್ಲಿರಲಿ ಎಂದಿದ್ದು ಇದಕ್ಕೇ. ಒಬ್ಬರಿಗೆ ಕೊಟ್ಟರೆ ಹತ್ತು ಮಂದಿ ಕೇಳುತ್ತಾರೆ, ಇಲ್ಲವೆಂದಾಗ ನಿಮಗೂ ಸಂಕಟ, ಅವರಿಗೂ ಸಂಕಟ. ಸಾಲ ಕೊಟ್ಟರಂತೂ ಆ ಬಾಂಧವ್ಯ ಅಲ್ಲಿಗೇ ಕೆಡುತ್ತದೆ. ಮೊದಲ ತಿಂಗಳು ನಿಮ್ಮ ಕೈ, ಕಾಲು, ಅಕ್ಷರ, ಹೊತ್ತು ಇಷ್ಟನ್ನೇ ಕೊಡಿ.

ಎರಡನೆಯದು ಮಾತು ಕೊಡುವುದು. 'ನಿಮ್ಮ ಪಿಂಚಣಿ ನಾ ಮಾಡಿಸಿಕೊಡ್ತೀನಿ' ಎಂದು ನಾನೊಮ್ಮೆ ಒಬ್ಬ ಕಾಕಾನಿಗೆ ಹೇಳಿಬಿಟ್ಟೆ. ಅರ್ಜಿ ಎರಡು ಸಲ ತಿರುಗಿ ಬಂತು. ಆತ ಪ್ರತಿ ವಾರ ನನ್ನ ಬಾಗಿಲಿಗೆ ಬಂದು ಕೂಡುತ್ತಿದ್ದ, ನಾನು ಒಳಗೆ ಕದ್ದು ಕೂಡುತ್ತಿದ್ದೆ. ಆ ಪಾಪ ಇನ್ನೂ ನನ್ನ ಮನಸ್ಸಿನಲ್ಲಿದೆ. 'ಅರ್ಜಿ ಬರೆದುಕೊಡ್ತೀನಿ, ನಾಡಕಚೇರಿವರೆಗೆ ಜೊತೆಗೆ ಬರ್ತೀನಿ' ಎಂದಿದ್ದರೆ ಸಾಕಿತ್ತು. ನಿಮ್ಮ ಕೈಯಲ್ಲಿರುವುದನ್ನಷ್ಟೇ ಹೇಳಿ.

ಫೋಟೊ ತೆಗೆಯಬೇಡಿ. ಹಸಿವು, ರೋಗ, ಬಡತನ ಯಾರದ್ದಾದರೂ ಅದು ಅವರ ಸ್ವಂತದ್ದು. ಸ್ಟೇಟಸ್ ಹಾಕಿದ ದಿನ ನಿಮ್ಮ ಗಮನವೆಲ್ಲ ಎಷ್ಟು ಮಂದಿ ನೋಡಿದರು ಎಂಬ ಕಡೆ ಹೋಗುತ್ತದೆ, ಮನಸ್ಸು ಮತ್ತೆ ತನ್ನ ಸುತ್ತಲೇ ತಿರುಗತೊಡಗುತ್ತದೆ.

ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಒಂದು ಮಾತು. ನಿಮ್ಮ ದಿನವೆಲ್ಲ ಈಗಾಗಲೇ ನೆರವಿನಲ್ಲೇ ಹೋಗುತ್ತಿದೆ. ನಿಮಗೆ ಇನ್ನೊಂದು ಸೇವೆ ಬೇಕಿಲ್ಲ, ವಾರಕ್ಕೆ ಎರಡು ತಾಸು ನಿಮ್ಮ ಜಾಗದಲ್ಲಿ ಕೂಡುವ ಯಾರಾದರೂ ಬೇಕು. ನಾಚಿಕೆ ಬಿಟ್ಟು ಕೇಳಿ.

ಎಚ್ಚರಿಕೆಯ ಗುರುತುಗಳು

ಹಿಂದಿನ ರಾತ್ರಿಯೇ ಹೊಟ್ಟೆಯಲ್ಲಿ ಸಂಕಟ ಶುರುವಾಗುವುದು. ನೆರವು ಪಡೆದವರ ಮೇಲೆ ಸಿಟ್ಟು ಬರುವುದು, 'ಒಂದು ಮಾತೂ ಒಳ್ಳೇದು ಅನ್ನಲಿಲ್ಲ' ಎಂದು ಕೊರಗುವುದು. ಅವರ ಕಷ್ಟ ಕನಸಿನಲ್ಲಿ ಬರುವುದು. ಅಲ್ಲಿ ನಗುತ್ತ ಮಾತಾಡಿ ಮನೆಯಲ್ಲಿ ಮಕ್ಕಳ ಮೇಲೆ ರೇಗುವುದು. ನೀವಿಲ್ಲದಿದ್ದರೆ ಏನೂ ನಡೆಯುವುದಿಲ್ಲ ಎನಿಸುವುದು. ಇವುಗಳಲ್ಲಿ ಎರಡು ಕಂಡರೆ ಎರಡು ವಾರ ರಜೆ ತೆಗೆದುಕೊಳ್ಳಿ, ಮರಳಿ ಬರುವಾಗ ಎರಡು ತಾಸನ್ನು ಒಂದಕ್ಕೆ ಇಳಿಸಿ. ರಜೆಯಲ್ಲೂ ಮನಸ್ಸು ಏಳದಿದ್ದರೆ ಮೊದಲ ಹಂತದಲ್ಲಿ ಹೇಳಿದ ಸಂಖ್ಯೆ ನೆನಪಿರಲಿ.

ಹಂತ 7: ತಿಂಗಳ ನಂತರ

ಕೆಲಸ ಹೊಂದಿದೆ ಎಂದಾದರೆ ಹೊತ್ತು ಹೆಚ್ಚಿಸುವ ಬದಲು ಜೊತೆಗೊಬ್ಬರನ್ನು ಕರೆದುಕೊಳ್ಳಿ. ಇಬ್ಬರಿದ್ದರೆ ಒಬ್ಬರಿಗೆ ಹುಷಾರಿಲ್ಲದ ವಾರವೂ ಕೆಲಸ ನಿಲ್ಲುವುದಿಲ್ಲ, ಬರುವಾಗ ದಾರಿಯಲ್ಲಿ ಚಹಾ ಕುಡಿಯುತ್ತ ನಾಲ್ಕು ಮಾತಾಡಲೂ ಆಗುತ್ತದೆ. ರಕ್ತದಾನ ಮಾಡಬೇಕೆನ್ನುವವರು ಈ ಹಂತದಲ್ಲಿ ಸೇರಿಸಿಕೊಳ್ಳಬಹುದು: ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೊ, ಹಿಮೋಗ್ಲೋಬಿನ್ 12.5 ಇರಬೇಕು, ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಸರಿಯಾಗಿ ಊಟ ನಿದ್ದೆ ಇಲ್ಲದ ದಿನಗಳಲ್ಲಿ ಬೇಡ.

ಬಿಡುವ ದಿನ ಬಂದರೆ ಹೇಳದೆ ನಿಲ್ಲಿಸಬೇಡಿ. ಮಗು ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕಾಯುತ್ತಿರುತ್ತದೆ. ಎರಡು ವಾರ ಮುಂಚೆ ಹೇಳಿ, ಮುಂದೆ ಬರುವವರನ್ನು ಜೊತೆಗೆ ಕರೆದುಕೊಂಡು ಹೋಗಿ, ಒಂದು ದಿನ ಇಬ್ಬರೂ ಕೂತು ಓದಿಸಿ. ಯಾವ ಪುಟದವರೆಗೆ ಆಗಿದೆ, ಯಾವ ಒತ್ತಕ್ಷರ ಇನ್ನೂ ತೊಡಕಾಗುತ್ತದೆ ಎಂದು ಅವರಿಗೆ ತೋರಿಸಿಕೊಡಿ. ಪುಸ್ತಕದಲ್ಲಿ ಗುರುತಿಗೆ ಇಟ್ಟ ಕಾಗದವನ್ನು ಇದ್ದಲ್ಲೇ ಬಿಟ್ಟು ಬನ್ನಿ.